ಭಂಗಿಯೂ ನಿದ್ರೆಯೂ: ಕಾರವಾರ-ಅಂಕೋಲೆಗಳ ಸೀಮೆಯಿಂದ ಒಂದು ಚರಿತ್ರವಿಚಾರ

ಉಳವಿಯ ಚನ್ನಬಸವೇಶ್ವರನ ದರ್ಶನಕ್ಕೆಂದು ಕಾರವಾರ, ಅಂಕೋಲೆಗಳ ಕಡೆಯಿಂದ ಘಟ್ಟವನ್ನೇರಿ ಬರುವ ಭಕ್ತರಲ್ಲಿ ವಯೋವೃದ್ಧರಾದವರು ಈಚಿನ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲಿರುವರು. ರಾತ್ರಿ ನಿದ್ರೆ ಬಾರದು. ಮಕ್ಕಳೋ ಮೊಮ್ಮಕ್ಕಳೋ ಪಟ್ಟಣದಿಂದ ‘ವಿಜಯಾ’ ಎಂಬ ಹೆಸರಿನ ತೈಲದ ಸಣ್ಣ ಸೀಸೆಯೊಂದನ್ನು ತಂದುಕೊಟ್ಟಿರುವರು. ಅದು ಭಂಗಿಯ ಗಿಡದಿಂದಾದುದೆಂದು ಕೇಳಿ ಮನಸ್ಸು ಹಿಂಜರಿಯುತ್ತದೆ. ಲಿಂಗಧಾರಿಯಾದವನು ಅದನ್ನು ಸೇವಿಸಬಹುದೇ ಎಂಬುದು ಅವರ ಪ್ರಶ್ನೆ. ತರುಣರ ಪ್ರಶ್ನೆಯು ಬೇರೆ. ಅದು ಪ್ರಶ್ನೆಗಿಂತಲೂ ವಾದವೆಂದರೆ ಸರಿ. ಭಂಗಿಯು ಶಿವನಿಗೆ ಪ್ರಿಯವಾದುದು, ಆದುದರಿಂದ ಅದರ ಸೇವನೆಯಲ್ಲಿ ದೋಷವಿಲ್ಲವೆಂದು ಅವರು ಹೇಳುವರು. ಈ ಎರಡಕ್ಕೂ ಉತ್ತರವನ್ನು ಕೊಡಬೇಕಾದರೆ ಗಿಡದ ಪೂರ್ವಚರಿತ್ರೆಯನ್ನು ನೋಡಬೇಕಾಗುವುದು. ಆ ಚರಿತ್ರೆಯ ಒಂದು ಮುಖ್ಯಭಾಗವು ನಮ್ಮ ಕಡಲತಡಿಯ ನೆರೆಯಲ್ಲಿಯೇ ಬರೆಯಲ್ಪಟ್ಟಿತೆಂಬುದು ಬಹುಜನರಿಗೆ ತಿಳಿದಿಲ್ಲ.

ಮೊದಲು ಹೆಸರುಗಳ ವಿಚಾರ. ಗಿಡವು ಒಂದೇ, ಅದರಿಂದಾಗುವ ಪದಾರ್ಥಗಳು ಮೂರು. ಎಲೆಯನ್ನು ಒಣಗಿಸಿ ಅರೆದರೆ ಭಂಗಿ; ಹೆಣ್ಣುಗಿಡದ ಹೂವಿನ ತೆನೆಯು ಗಾಂಜಾ; ಅದರ ಮೇಲೆ ಒಸರುವ ಅಂಟು ಚರಸು. ಸಾಮಾನ್ಯವಾಗಿ ಮದವು ಎಲೆಯಲ್ಲಿ ಅಲ್ಪ, ತೆನೆಯಲ್ಲಿ ಅಧಿಕ, ಅಂಟಿನಲ್ಲಿ ಅತ್ಯಧಿಕ. ಈ ಭೇದವನ್ನು ಮರೆತು ಮಾತನಾಡುವುದರಿಂದಲೇ ಅರ್ಧದಷ್ಟು ವಾದಗಳು ಹುಟ್ಟುತ್ತವೆ. ಅಥರ್ವವೇದದಲ್ಲಿ ‘ಭಂಗ’ ಎಂಬ ಶಬ್ದವಿದೆ. ಅದು ಈ ಗಿಡವೇ ಹೌದೋ ಅಲ್ಲವೋ ಎಂಬಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ನಿಸ್ಸಂದೇಹವಾದ ವೈದ್ಯಪ್ರಯೋಗವು ಮಧ್ಯಕಾಲದ ಗ್ರಂಥಗಳಲ್ಲಿಯೇ ಕಾಣುವುದು. ಶಾರ್ಙ್ಗಧರಸಂಹಿತೆಯು ಮೊದಲು ದೇಹವನ್ನೆಲ್ಲ ವ್ಯಾಪಿಸಿ ಅನಂತರ ಪಾಕವಾಗುವ ‘ವ್ಯವಾಯಿ’ ದ್ರವ್ಯಗಳಿಗೆ ಭಂಗಿಯನ್ನೂ ಅಫೀಮನ್ನೂ ಉದಾಹರಣೆಯಾಗಿ ಕೊಡುತ್ತದೆ. ಜಾತೀಫಲಾದಿ ಚೂರ್ಣದಲ್ಲಿ ಇದನ್ನು ಸೇರಿಸಿ ಗ್ರಹಣಿರೋಗಕ್ಕೆ ವಿಧಿಸುತ್ತದೆ. ಹದಿನಾರನೆಯ ಶತಮಾನದ ಭಾವಪ್ರಕಾಶವು ಇದು ಕಫವನ್ನು ಹರಿಸುವುದು, ಅಗ್ನಿಯನ್ನು ಬೆಳಗಿಸುವುದು ಎಂದು ಹೇಳಿ, ಅದೇ ಉಸಿರಿನಲ್ಲಿ ಮೋಹವನ್ನೂ ಮದವನ್ನೂ ಮಾತನ್ನೂ ಹೆಚ್ಚಿಸುವುದೆಂದು ಎಚ್ಚರಿಸುತ್ತದೆ. ರಸಶಾಸ್ತ್ರಕಾರರಲ್ಲಿ ಕೆಲವರು ಇದನ್ನು ಉಪವಿಷಗಳೊಳಗೆ ಎಣಿಸಿರುವರು. ಉಪವಿಷವೆಂದ ಮೇಲೆ ಶೋಧನವು ಅವಶ್ಯ. ಎಲೆಯನ್ನು ತೊಳೆಯುವುದು, ಹಸುವಿನ ಹಾಲಿನಲ್ಲಿ ಬೇಯಿಸುವುದು, ತುಪ್ಪದಲ್ಲಿ ಹುರಿಯುವುದು ಮುಂತಾದ ಸಂಸ್ಕಾರಗಳ ತರುವಾಯವೇ ವೈದ್ಯನು ಅದನ್ನು ಮುಟ್ಟುವನು. ಚಿಲುಮೆಯಲ್ಲಿ ಸೇದುವುದು ಈ ವಿಧಿಗಳೊಳಗೆ ಬಾರದು.

ಇಲ್ಲಿ ವಾಚಕರು ಗಮನಿಸತಕ್ಕ ವಿಷಯವೊಂದುಂಟು. ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಉಪಸ್ತಂಭಗಳ ಮೇಲೆ ದೇಹವು ನಿಂತಿದೆಯೆಂದು ಹೇಳಿದ ಚರಕಸಂಹಿತೆಯು, ನಿದ್ರೆ ಕೆಟ್ಟವನಿಗೆ ಅಭ್ಯಂಗ, ಸ್ನಾನ, ಹಾಲು, ತುಪ್ಪ, ಮೊಸರನ್ನ, ಸುಗಂಧ, ಇಂಪಾದ ಶಬ್ದ, ಮನಸ್ಸಿಗೊಪ್ಪುವ ಹಾಸಿಗೆ ಇವುಗಳನ್ನು ಹೇಳುತ್ತದೆ. ಮದ್ಯವನ್ನು ಸಹ ಹೇಳುತ್ತದೆ. ಭಂಗಿಯನ್ನು ಮಾತ್ರ ಅಲ್ಲಿ ಹೇಳಿಲ್ಲ.

ಹಾಗಾದರೆ ನಿದ್ರೆಗೂ ಭಂಗಿಗೂ ಇರುವ ಸಂಬಂಧವನ್ನು ನಮ್ಮ ಸೀಮೆಯ ಹತ್ತಿರದಲ್ಲಿ ಬರೆದಿಟ್ಟವರಾರು? ಅದನ್ನು ಬರೆದವನು ಒಬ್ಬ ಪೋರ್ತುಗೀಜ ವೈದ್ಯನು. ಕಾರವಾರದಲ್ಲಿ ಕಾಳೀನದಿಯ ಆಚೆಯ ದಡದ ಮೇಲೆ ಸೋದೆಯ ಸದಾಶಿವರಾಯನ ಹೆಸರನ್ನು ಹೊತ್ತ ಸದಾಶಿವಗಡವಿದೆಯಷ್ಟೆ. ಅಲ್ಲಿಂದ ಬಡಗಲಿಗೆ ನಡೆದರೆ ಗೋವೆಯ ಎಲ್ಲೆಯು ದೂರವಲ್ಲ. ಆ ಗೋವೆಗೆ ೧೫೩೪ರಲ್ಲಿ ಗಾರ್ಸಿಯಾ ದ ಓರ್ತಾ ಎಂಬವನು ಬಂದು ಮುವತ್ತಕ್ಕೂ ಮಿಕ್ಕಿ ವರ್ಷಗಳ ಕಾಲ ವೈದ್ಯವೃತ್ತಿಯನ್ನು ನಡೆಸಿದನು. ಅವನು ಈ ದೇಶದ ಮೂಲಿಕೆಗಳನ್ನು ಕುರಿತು ಸಂವಾದರೂಪವಾಗಿ ಬರೆದ ಗ್ರಂಥವು ೧೫೬೩ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದರೊಳಗೆ ‘ಬಾಂಗ’ಕ್ಕೆ ಪ್ರತ್ಯೇಕವಾದೊಂದು ಸಂವಾದವುಂಟು. ಎಲೆಯ ಪುಡಿಯೊಡನೆ ಹಸಿ ಅಡಕೆ, ಜಾಜಿಕಾಯಿ, ಜಾಪತ್ರೆ, ಲವಂಗ, ಕರ್ಪೂರ, ಕಸ್ತೂರಿ ಮುಂತಾದವುಗಳನ್ನು ಅವರವರ ಶಕ್ತ್ಯನುಸಾರ ಸೇರಿಸುವರೆಂದೂ, ಕೆಲವರು ಅಫೀಮನ್ನು ಕೂಡಿಸುವರೆಂದೂ ಆತನು ಹೇಳುವನು. ತನ್ನ ಮನೆಯ ಆಳುಗಳು ತನಗೆ ತಿಳಿಯದಂತೆ ತಿಂದು, ಕೆಲಸದ ಆಯಾಸವು ತೋರುವುದಿಲ್ಲ, ಮನಸ್ಸು ಹಿಗ್ಗುವುದು, ಹಸಿವು ಹುಟ್ಟುವುದು ಎಂದು ಹೇಳಿದುದನ್ನು ಮುಚ್ಚುಮರೆಯಿಲ್ಲದೆ ಬರೆದಿರುವನು. ಪೂರ್ವಕಾಲದ ದೊಡ್ಡ ದಂಡನಾಯಕರು ರಾತ್ರಿಯೆಲ್ಲ ಎಚ್ಚರವಾಗಿರಬೇಕಾದ ಕಷ್ಟದಿಂದ ಬಳಲಿ, ಚಿಂತೆಯನ್ನು ಮರೆತು ನಿದ್ರಿಸುವ ಸಲುವಾಗಿ ಇದನ್ನು ಸೇವಿಸುತ್ತಿದ್ದರೆಂಬ ಮಾತು ಕೂಡ ಅಲ್ಲಿಯೇ ಇದೆ.

ಓರ್ತಾನು ಗುಣವನ್ನು ಹೇಳಿ ದೋಷವನ್ನು ಬಿಟ್ಟವನಲ್ಲ. ಬಾಲಾಘಾಟದಲ್ಲಿ, ಎಂದರೆ ನಮ್ಮ ಘಟ್ಟದ ಮೇಲಿನ ದೇಶದಲ್ಲಿ, ತನ್ನ ಜೊತೆಗಿದ್ದ ಪೋರ್ತುಗೀಜ ವಿದೂಷಕನೊಬ್ಬನು ಈ ಲೇಹದ ತುಣುಕುಗಳನ್ನು ತಿಂದು ರಾತ್ರಿ ಮೊದಲು ನಲಿದು, ಮಾತು ತೊದಲಿ, ಅನಂತರ ದುಃಖವುಕ್ಕಿ ಕಣ್ಣೀರು ಸುರಿಸಿದುದನ್ನು ಆತನು ಕಣ್ಣಾರೆ ಕಂಡು ಬರೆದಿರುವನು. ಒಂದೇ ಪದಾರ್ಥ, ಒಂದೇ ರಾತ್ರಿ, ಎರಡು ಪರಿಣಾಮ. ನಾಲ್ಕುನೂರ ಅರುವತ್ತು ವರ್ಷಗಳ ಹಿಂದಿನ ಈ ನಾಲ್ಕು ಸಾಲುಗಳಲ್ಲಿರುವ ಪ್ರಾಮಾಣಿಕತೆಯು ಈಗಿನ ಸೀಸೆಗಳ ಮೇಲಿನ ಜಾಹೀರಾತುಗಳಲ್ಲಿ ನನಗೆ ಕಂಡುಬಂದಿಲ್ಲ. (ಇಂಥ ವಿದ್ವಾಂಸನು ೧೫೬೮ರಲ್ಲಿ ತೀರಿಕೊಂಡ ಮೇಲೆ, ೧೫೮೦ರಲ್ಲಿ ಗೋವೆಯ ಇಂಕ್ವಿಜಿಷನ್ ಎಂಬ ಧರ್ಮನ್ಯಾಯಸ್ಥಾನವು ಅವನ ಎಲುಬುಗಳನ್ನು ಅಗೆಸಿ ತೆಗೆಸಿ ಸುಡಿಸಿತು. ಗುಟ್ಟಾಗಿ ಯಹೂದ್ಯ ಮತವನ್ನು ಆಚರಿಸುತ್ತಿದ್ದನೆಂಬುದೇ ಅಪರಾಧ. ಪ್ರಸಂಗಕ್ಕೆ ಇದು ಹೊರಗಾದರೂ ಹೇಳದೆ ಮುಂದಕ್ಕೆ ಹೋಗಲು ಮನಸ್ಸೊಪ್ಪಲಿಲ್ಲ.)

ಇನ್ನು ಆಂಗ್ಲರ ಕಾಲಕ್ಕೆ ಬರೋಣ. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನ ಆಧಿಪತ್ಯದಿಂದ ಮುಂಬಯಿಯ ಆಧಿಪತ್ಯಕ್ಕೆ ಸೇರಿತು. ಕಾರವಾರವು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಮುಂಬಯಿ ಸರಕಾರದ ೧೮೭೮ರ ಅಬಕಾರಿ ಕಾಯಿದೆಯು ಹೆಂಡ, ಸಾರಾಯಿಗಳೊಡನೆ ಭಂಗಿ ಗಾಂಜಾಗಳನ್ನು ಸಹ ತನ್ನ ಕೈಗೆ ತೆಗೆದುಕೊಂಡಿತು. ಅಂದಿನಿಂದ ವೈದ್ಯನ ಚೀಲದೊಳಗಿದ್ದ ಮೂಲಿಕೆಯು ಗುತ್ತಿಗೆದಾರನ ಅಂಗಡಿಯ ಸರಕಾಗಿ ಬೊಕ್ಕಸಕ್ಕೆ ಆದಾಯವಾಯಿತು. ಆಧಿಪತ್ಯದ ಅಂಗಡಿಗಳಿಗೆ ಬೇಕಾದ ಗಾಂಜಾದ ಬೆಳೆಯು ಮುಖ್ಯವಾಗಿ ಅಹಮದನಗರದ ಕಡೆಯದು. ಅಂಗಡಿಯವನು ಶೋಧನವನ್ನರಿಯನು, ಅನುಪಾನವನ್ನರಿಯನು. ಅವನು ತೂಕವನ್ನು ಮಾತ್ರ ಬಲ್ಲನು.

ಈ ಕಾಲದ ಒಬ್ಬ ಅಧಿಕಾರಿಯ ಹೆಸರು ನಮ್ಮ ವಿಷಯಕ್ಕೆ ಎರಡು ಕಡೆಯಿಂದ ಸಂಬಂಧಪಡುತ್ತದೆ. ಜೇಮ್ಸ್ ಕ್ಯಾಂಬೆಲ್ ಎಂಬಾತನ ಸಂಪಾದಕತ್ವದಲ್ಲಿ ೧೮೮೩ರಲ್ಲಿ ಕೆನರಾ ಜಿಲ್ಲೆಯ ಗೆಝೆಟಿಯರು ಎರಡು ಭಾಗಗಳಾಗಿ ಹೊರಬಂದಿತು. ಕಾರವಾರ, ಅಂಕೋಲೆ, ಗೋಕರ್ಣ, ಸೋದೆಗಳ ಪೂರ್ವವೃತ್ತಾಂತವನ್ನು ಹುಡುಕುವವರು ಇಂದಿಗೂ ಅದನ್ನು ತೆರೆಯದೆ ಇರಲಾರರು. ಅದೇ ಕ್ಯಾಂಬೆಲ್ಲನು ಹತ್ತು ವರ್ಷಗಳ ತರುವಾಯ ಮುಂಬಯಿಯಲ್ಲಿ ಭೂಕಂದಾಯ, ಸುಂಕ, ಅಫೀಮುಗಳ ಕಲೆಕ್ಟರನಾಗಿದ್ದಾಗ ‘ಭಂಗಿಯ ಧರ್ಮ’ವನ್ನು ಕುರಿತು ಒಂದು ದೀರ್ಘ ಟಿಪ್ಪಣಿಯನ್ನು ಬರೆದನು. ಅದನ್ನು ಬರೆಯಿಸಿದ ಸಂದರ್ಭವಿದು: ಹಿಂದುಸ್ಥಾನದಲ್ಲಿ ಗಾಂಜಾದಿಂದ ಜನರು ಹುಚ್ಚರಾಗುತ್ತಿರುವರೆಂಬ ಕೂಗು ವಿಲಾಯತಿಯ ಪಾರ್ಲಿಮೆಂಟಿನಲ್ಲಿ ಎದ್ದು, ೧೮೯೩ರಲ್ಲಿ ಮ್ಯಾಕ್‌ವರ್ತ್ ಯಂಗ್ ಎಂಬವನ ಅಧ್ಯಕ್ಷತೆಯಲ್ಲಿ ಏಳು ಜನರ ವಿಚಾರಣಾಮಂಡಳವು ನೇಮಿಸಲ್ಪಟ್ಟಿತು. ಅವರು ದೇಶವನ್ನೆಲ್ಲ ಸುತ್ತಿ ೧೧೯೩ ಜನರ ಸಾಕ್ಷ್ಯವನ್ನು ಪಡೆದು, ೧೮೯೪ರಲ್ಲಿ ವರದಿಯನ್ನೊಪ್ಪಿಸಿದರು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಅವರು ಒಂದೊಂದಾಗಿ ತೆಗೆಸಿ ನೋಡಿದರು. ‘ಗಾಂಜಾದಿಂದ ಹುಚ್ಚು’ ಎಂದು ಬರೆದಿದ್ದ ಎಷ್ಟೋ ಸಂದರ್ಭಗಳಲ್ಲಿ ಆ ಕಾರಣವು ವೈದ್ಯನ ಪರೀಕ್ಷೆಯಿಂದ ಬಂದುದಾಗಿರದೆ, ರೋಗಿಯನ್ನು ತಂದ ಪೋಲೀಸರ ಕಾಗದದಿಂದ ಬಂದುದಾಗಿತ್ತು. ಮಿತಸೇವನೆಯಿಂದ ಗಣನೀಯ ಹಾನಿಯಿಲ್ಲ, ಅತಿಸೇವನೆಯಿಂದ ಹಾನಿಯುಂಟು, ಪೂರ್ಣನಿಷೇಧವು ಅನವಶ್ಯಕ, ತೆರಿಗೆ ಪರವಾನಗಿಗಳಿಂದ ಹತೋಟಿಯಲ್ಲಿಡತಕ್ಕದ್ದು ಎಂಬುದು ಅವರ ನಿರ್ಣಯ. ಭಾರತೀಯ ಸದಸ್ಯರು ಮೂವರಿದ್ದರು. ಅವರಲ್ಲಿ ಇಬ್ಬರು ತಮ್ಮ ಭಿನ್ನಾಭಿಪ್ರಾಯವನ್ನು ಬೇರೆಯಾಗಿ ಬರೆದಿಟ್ಟರೆಂಬುದನ್ನು ಈಗ ಈ ವರದಿಯನ್ನು ಹೊಗಳುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಆ ನಿರ್ಣಯವನ್ನೋದುವಾಗ, ತೆರಿಗೆಯಿಂದ ಲಾಭಪಡೆಯುತ್ತಿದ್ದ ಸರಕಾರವೇ ಮಂಡಳವನ್ನು ನೇಮಿಸಿತ್ತೆಂಬುದನ್ನು ಸಹ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಕ್ಯಾಂಬೆಲ್ಲನ ಟಿಪ್ಪಣಿಯು ಈ ವರದಿಗೆ ಅನುಬಂಧವಾಗಿ ಪ್ರಕಟವಾಯಿತು. ಭಂಗಿಯ ಎಲೆಯಲ್ಲಿ ಒಂದು ರಕ್ಷಕಶಕ್ತಿಯು ನೆಲಸಿದೆಯೆಂದು ಹಿಂದೂಜನರು ನಂಬುವರೆಂದೂ, ಜ್ವರವು ಶಿವನ ಕೋಪದ ಉಸಿರಾದುದರಿಂದ ಲಿಂಗದ ಮೇಲೆ ಭಂಗಿಯನ್ನೆರೆದರೆ ಆ ಉಸಿರು ತಣ್ಣಗಾಗಿ ಜ್ವರವಿಳಿಯುವುದೆಂದು ತಿಳಿಯುವರೆಂದೂ ಆತನು ಬರೆದನು. ಬರೆವಣಿಗೆಯು ಸೊಗಸಾಗಿದೆ, ಅದರ ಸೊಗಸೇ ತೊಂದರೆಗೆ ಕಾರಣವಾಯಿತು. ಕೆಲವು ಪಂಥಗಳ, ಕೆಲವು ಊರುಗಳ ಆಚಾರವು ಅಲ್ಲಿ ಸಮಸ್ತ ಶೈವರ ಧರ್ಮವಾಗಿ ಕಾಣುತ್ತದೆ. ತರುಣರ ಬಾಯಿಂದ ಈಗ ಬರುತ್ತಿರುವ ವಾದವು ಬಹುಮಟ್ಟಿಗೆ ಈ ಅಬಕಾರಿ ಅಧಿಕಾರಿಯ ಟಿಪ್ಪಣಿಯ ಪ್ರತಿಧ್ವನಿಯೇ ಹೊರತು ಆಗಮಗಳದಲ್ಲ, ಶರಣರದಂತೂ ಅಲ್ಲವೇ ಅಲ್ಲ. ನಮ್ಮಲ್ಲಿ ಅಷ್ಟಾವರಣಗಳೆಂದರೆ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರಗಳು. ಒಂಬತ್ತನೆಯದನ್ನು ಸೇರಿಸುವ ಅಧಿಕಾರವು ಯಾರಿಗೂ ಕೊಡಲ್ಪಟ್ಟಿಲ್ಲ. ಶರಣರೊಳಗೆ ವೈದ್ಯ ಸಂಗಣ್ಣನೆಂಬ ವೈದ್ಯನಿದ್ದನು. ಹೆಂಡದ ಮಾರಯ್ಯನೆಂಬ ಹೆಂಡದ ಕಾಯಕದವನು ಸಹ ಇದ್ದನು. ಇಬ್ಬರೂ ತಮ್ಮ ಕಾಯಕದ ಮಾತುಗಳನ್ನೇ ಬಳಸಿ ಬೋಧಿಸಿದರು. ಮದವನ್ನು ಮುಕ್ತಿಯ ಸಾಧನವೆಂದು ಇವರು ಹೇಳಲಿಲ್ಲ.

ಆದರೂ ಉತ್ತರ ಕರ್ನಾಟಕದ ಕೆಲವು ಅವಧೂತ, ಆರೂಢ ಪರಂಪರೆಗಳಲ್ಲಿ ಗಾಂಜಾದ ಬಳಕೆಯುಂಟೆಂಬುದನ್ನು ಮರೆಮಾಚಲಾಗದು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದರೂಪವಾಗಿ ಕೊಡುವ ವಿಷಯವು ೨೦೨೦ರಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ತಾವು ವ್ಯಸನಿಗಳಲ್ಲವೆಂದು ಅವರು ಹೇಳುವರು. ಅವರ ಮಾತನ್ನು ಸುಳ್ಳೆನ್ನುವುದಕ್ಕೆ ನನಗೆ ಆಧಾರವಿಲ್ಲ. ಆದರೆ ಜಾತ್ರೆಗೊಮ್ಮೆ ಕೈಗೆ ಬರುವ ಚಿಟಿಕೆಯನ್ನು ತೋರಿಸಿ ದಿನಕ್ಕೆ ನಾಲ್ಕು ಸಲ ಸೇದುವುದನ್ನು ಸಮರ್ಥಿಸಲಾಗದು. ಅಮಲು ಒಂದು ಊರಿಗೆ ಏನು ಮಾಡಬಲ್ಲುದೆಂಬುದನ್ನು ಅಂಕೋಲೆಯವರಿಗೆ ನಾವು ಹೇಳಬೇಕಾದುದಿಲ್ಲ. ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು, ೨೦೧೭ರಲ್ಲಿ ಪದ್ಮಶ್ರೀ ಪಡೆದ ಆ ಅಮ್ಮನವರು, ೨೦೨೫ರಲ್ಲಿ ತೀರಿಕೊಂಡರಷ್ಟೆ. ಅವರು ತಮ್ಮ ಜನರನ್ನು ಸಾರಾಯಿಯಿಂದ ಬಿಡಿಸಲು ಪಟ್ಟ ಪಾಡನ್ನು ಆ ಸೀಮೆಯು ಬಲ್ಲುದು.

ಕಾಯಿದೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. ೧೯೬೧ರ ಅಂತರರಾಷ್ಟ್ರೀಯ ಒಡಂಬಡಿಕೆಯ ತರುವಾಯ, ೧೯೮೫ರಲ್ಲಿ ಭಾರತವು ಮಾದಕದ್ರವ್ಯಗಳ ಕಾಯಿದೆಯನ್ನು ಮಾಡಿತು. ಗಾಂಜಾ, ಚರಸುಗಳು ಅದರ ನಿಷೇಧದೊಳಗೆ ಬಂದವು. ಹೂತೆನೆಯಿಲ್ಲದ ಬರಿಯ ಎಲೆಯೂ ಬೀಜವೂ ಗಾಂಜಾದ ಲಕ್ಷಣದಿಂದ ಹೊರಗುಳಿದವು. ೨೦೨೨ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಒಂದು ಜಾಮೀನಿನ ಪ್ರಕರಣದಲ್ಲಿ ಈ ಭೇದವನ್ನೆತ್ತಿ ಹೇಳಿತು. ಒಂದು ಕಿಲೋಗ್ರಾಮಿನೊಳಗಿನ ಗಾಂಜಾಕ್ಕೂ ಒಂದು ವರ್ಷದವರೆಗೆ ಸೆರೆಯುಂಟು. ಇಪ್ಪತ್ತು ಕಿಲೋಗ್ರಾಮಿಗೆ ಮೀರಿದರೆ ಹತ್ತು ವರ್ಷಕ್ಕೆ ಕಡಮೆಯಿಲ್ಲ. ಶಿವಪ್ರಿಯವೆಂಬ ವಾದವು ನ್ಯಾಯಾಸನದ ಮುಂದೆ ನಡೆಯದು. ಭಂಗಿ ಸೇರಿದ ಆಯುರ್ವೇದೌಷಧಗಳನ್ನಾದರೋ ಔಷಧನಿಯಮಗಳು ವಿಷದ್ರವ್ಯಗಳ ಪಟ್ಟಿಯೊಳಗೆ ಸೇರಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದೆಂಬ ಎಚ್ಚರಿಕೆಯನ್ನು ಸೀಸೆಯ ಮೇಲೆ ಅಚ್ಚುಮಾಡಬೇಕೆಂದು ವಿಧಿಸಿರುವವು.

ಇನ್ನು ಆ ಸೀಸೆಯೊಳಗಿರುವುದೇನು? ಗಿಡದೊಳಗಿನ ಅನೇಕ ಸತ್ತ್ವಗಳಲ್ಲಿ ಎರಡು ಮುಖ್ಯ. ಟಿ.ಎಚ್.ಸಿ. ಎಂಬುದು ಅಮಲನ್ನು ಕೊಡುವುದು, ಸಿ.ಬಿ.ಡಿ. ಎಂಬುದು ಆ ಬಗೆಯ ಅಮಲನ್ನು ಕೊಡದು. ಸಿ.ಬಿ.ಡಿ.ಯನ್ನು ೧೯೪೦ರಲ್ಲಿ ಅಮೇರಿಕದ ರೋಜರ್ ಆಡಮ್ಸನು ಬೇರ್ಪಡಿಸಿದನು. ಇಸ್ರೇಲಿನ ಮೆಶೌಲಮನು ೧೯೬೩ರಲ್ಲಿ ಅದರ ರಚನೆಯನ್ನೂ, ಮರುವರ್ಷ ತನ್ನ ಸಹೋದ್ಯೋಗಿಯೊಡನೆ ಟಿ.ಎಚ್.ಸಿ.ಯ ರಚನೆಯನ್ನೂ ತಿಳಿಸಿದನು. ಇಂಥದೇ ಕೆಲಸವನ್ನು ಮಾಡುವ ಒಂದು ವಸ್ತುವು ಮನುಷ್ಯನ ಮೆದುಳಿನಲ್ಲಿ ತಾನಾಗಿಯೇ ಉತ್ಪನ್ನವಾಗುವುದೆಂದು ೧೯೯೨ರಲ್ಲಿ ಗೊತ್ತಾದಾಗ, ಆ ಪಂಡಿತರು ನಮ್ಮ ‘ಆನಂದ’ ಶಬ್ದವನ್ನೇ ತೆಗೆದುಕೊಂಡು ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟರು. ಸಿ.ಬಿ.ಡಿ.ಯ ನಿಜವಾದ ಜಯವು ಅಪಸ್ಮಾರದಲ್ಲಿ ಕಂಡಿತು. ಮಕ್ಕಳ ಎರಡು ಬಗೆಯ ಕ್ರೂರ ಅಪಸ್ಮಾರಗಳಿಗೆ ಅದರ ಔಷಧವನ್ನು ೨೦೧೮ರಲ್ಲಿ ಅಮೇರಿಕದ ಸರಕಾರವು ಒಪ್ಪಿತು. ನಿದ್ರೆಯ ವಿಷಯದಲ್ಲಿ ಅಷ್ಟು ಬಲವಾದ ಪ್ರಮಾಣವಿಲ್ಲ. ನಡೆದ ಪರೀಕ್ಷೆಗಳು ಸಣ್ಣವು, ಫಲಗಳು ಒಂದಕ್ಕೊಂದು ಹೊಂದವು. ಟಿ.ಎಚ್.ಸಿ.ಯು ಮೊದಲು ಬೇಗನೆ ಕಣ್ಣುಮುಚ್ಚಿಸುವುದು ನಿಜ. ದಿನಗಳೆದಂತೆ ದೇಹವು ಅದಕ್ಕೆ ಒಗ್ಗಿಕೊಳ್ಳುವುದು, ಬಿಟ್ಟ ಕೂಡಲೆ ಮೊದಲಿಗಿಂತಲೂ ನಿದ್ರೆ ಕೆಟ್ಟು ವಿಕಾರವಾದ ಕನಸುಗಳು ಬೀಳುವುವು. ತಾರುಣ್ಯದಲ್ಲಿ ನಿತ್ಯವೂ ಸೇವಿಸುವವರಿಗೆ ಚಿತ್ತವಿಭ್ರಮೆಯ ಭಯವು ಹೆಚ್ಚು.

ವೃದ್ಧಭಕ್ತರು ಕೇಳಿದ ಪ್ರಶ್ನೆಗೆ ನನ್ನ ಉತ್ತರವು ಈ ರೀತಿಯಾಗಿದೆ. ಔಷಧವಾಗಿ, ವೈದ್ಯನು ನೋಡಿ ಬರೆದುಕೊಟ್ಟ ಪ್ರಮಾಣದಲ್ಲಿ ಸೇವಿಸುವುದರಿಂದ ಲಿಂಗಧಾರಣೆಗೆ ಬಾಧೆಯಿಲ್ಲ. ಆದರೆ ಮೊಮ್ಮಗನು ತಂದನೆಂಬ ಕಾರಣದಿಂದ ಬಾಯಿಗೆ ಹಾಕತಕ್ಕುದಲ್ಲ. ಎಲೆಯ ಸಾರದ ಸೀಸೆಯಲ್ಲಿ ಅಮಲಿನ ಅಂಶವೂ ಇರಬಹುದು. ಸಿ.ಬಿ.ಡಿ.ಯು ಯಕೃತ್ತಿನಲ್ಲಿ ಬೇರೆ ಔಷಧಗಳ ಪಾಕವನ್ನು ತಡೆಯುವುದರಿಂದ, ರಕ್ತವು ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆಯನ್ನು ತೆಗೆದುಕೊಳ್ಳುವವರಿಗೂ, ಅಪಸ್ಮಾರಕ್ಕೆ ಔಷಧವನ್ನು ತೆಗೆದುಕೊಳ್ಳುವವರಿಗೂ ಅಪಾಯವುಂಟಾಗಬಹುದು. ಅಂಥವರು ತಮ್ಮ ಎಲ್ಲ ಗುಳಿಗೆಗಳನ್ನೂ ಈ ಸೀಸೆಯನ್ನೂ ಒಟ್ಟಿಗೆ ವೈದ್ಯರ ಮುಂದಿಡಬೇಕು.

ಅದಕ್ಕೂ ಮೊದಲು ಮನೆಯಲ್ಲಿಯೇ ಇರುವುದನ್ನು ಮಾಡಿ ನೋಡಬಹುದು. ನಿದ್ರೆಯನ್ನು ತರುವ ದ್ರವ್ಯಗಳಲ್ಲಿ ಎಮ್ಮೆಯ ಹಾಲೇ ಶ್ರೇಷ್ಠವೆಂದು ಚರಕನು ಹೇಳಿರುವನು. ನೆತ್ತಿಗೂ ಅಂಗಾಲಿಗೂ ಎಣ್ಣೆಯನ್ನು ತಿಕ್ಕುವುದು, ಮಧ್ಯಾಹ್ನದೂಟಕ್ಕೆ ಒಂದೆಲಗದ ತಂಬುಳಿಯನ್ನು ಮಾಡುವುದು ಆ ಸೀಮೆಯ ಮನೆಗಳಿಗೆ ಹೊಸದಲ್ಲ. ಓರ್ತಾನು ಭಂಗಿಯೊಡನೆ ಕಂಡ ಜಾಜಿಕಾಯಿಯು ಉತ್ತರ ಕನ್ನಡದ ಅಡಕೆಯ ತೋಟಗಳಲ್ಲಿಯೇ ಬೆಳೆಯುತ್ತದೆ. ಅದನ್ನು ಭಂಗಿಯಿಲ್ಲದೆ ಬರಿಯ ಹಾಲಿನಲ್ಲಿ ತೇಯ್ದು ರಾತ್ರಿ ಕುಡಿಯುವ ವಾಡಿಕೆಯುಂಟು. ಅದೂ ಹೆಚ್ಚಾದರೆ ತಲೆತಿರುಗಿಸುವುದು, ಎಳೆಯ ಮಕ್ಕಳಿಗಂತೂ ಸಲ್ಲದು. ದೊಡ್ಡವರಿಗೆ ತೇಯುವಾಗ ಕಲ್ಲಿನ ಮೇಲೆ ಎರಡು ಸುತ್ತು ಸಾಕು.