ದಾರಿ ತೋರುವವನ ನೆನಪು

ಹಿಂದೆ ಗುರುತಿಲ್ಲದ ಊರಿಗೆ ಹೋದರೆ ಬಸ್ ನಿಲ್ದಾಣದ ಬೀಡಾ ಅಂಗಡಿಯವನಲ್ಲಿ ದಾರಿ ಕೇಳುತ್ತಿದ್ದೆವು. ಆತ ಕೈ ತೋರಿಸಿ ಹೇಳುತ್ತಿದ್ದ. ನಾವು ಬೀದಿಯ ತಿರುವು ದಾಟುವಷ್ಟರಲ್ಲಿ ನಮ್ಮನ್ನು ಮರೆತೂ ಬಿಡುತ್ತಿದ್ದ. ಇಂದು ಅದೇ ಪ್ರಶ್ನೆಯನ್ನು ಮೊಬೈಲಿಗೆ ಕೇಳುತ್ತೇವೆ. ಅದು ಕಾಸು ಕೇಳದೆ ಉತ್ತರಿಸುತ್ತದೆ. ಆದರೆ ನಮ್ಮನ್ನು ಮರೆಯುವುದಿಲ್ಲ. ದಾರಿ ತೋರುವ ಕೆಲಸಕ್ಕೆ ಈ ನೆನಪು ಅಂಟಿಕೊಂಡದ್ದು ಹೇಗೆ?

12ನೇ ಶತಮಾನದಲ್ಲಿ ಅರಬ್ ಭೂಗೋಳ ತಜ್ಞ ಅಲ್ ಇದ್ರೀಸಿ, ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರನ ಆಶ್ರಯದಲ್ಲಿ ಪ್ರಪಂಚದ ನಕಾಶೆಗಳನ್ನು ರಚಿಸಿದ. 1154ರಲ್ಲಿ ಮುಗಿದ ಆ ಕೆಲಸಕ್ಕಾಗಿ ಪ್ರಯಾಣಿಕರನ್ನು ಕರೆಸಿ ಪ್ರಶ್ನಿಸಲಾಗುತ್ತಿತ್ತು. ಅವರ ಹೇಳಿಕೆಗಳು ಪರಸ್ಪರ ತಾಳೆಯಾದರೆ ಮಾತ್ರ ಸ್ವೀಕಾರ. ಅಲ್ಲಿ ಬೇಕಾಗಿದ್ದುದು ಊರು, ಬಂದರು, ದಾರಿಗಳ ವಿವರ. ಅದನ್ನು ಹೇಳಿದಾತ ಎಲ್ಲಿ ತಂಗಿದ, ಯಾರನ್ನು ಕಂಡ ಎಂಬುದು ನಕಾಶೆಗೆ ಬೇಕಿರಲಿಲ್ಲ.

ನಕಾಶೆ ಎಂದೂ ಮುಗ್ಧ ವಸ್ತುವಾಗಿರಲಿಲ್ಲ, ನಿಜ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪೆನಿ ಕೋಲಿನ್ ಮೆಕೆಂಝಿಯಿಂದ ಮೈಸೂರಿನ ಸರ್ವೆ ಮಾಡಿಸಿತು. ಗೆದ್ದ ನಾಡನ್ನು ಆಳಲು ಅದರ ಹಳ್ಳಿ, ಕೆರೆ, ಕೋಟೆಗಳ ಲೆಕ್ಕ ಬೇಕಿತ್ತು. ಆದರೂ ಯಾವ ರೈತ ಯಾವ ರಾತ್ರಿ ಎಲ್ಲಿಗೆ ಹೋದನೆಂದು ಬರೆದಿಡುವ ಶಕ್ತಿ ಆ ಸರ್ವೆಗಿರಲಿಲ್ಲ.

1978ರಲ್ಲಿ ಅಮೆರಿಕದ ಸೇನೆ ಮೊದಲ ಜಿಪಿಎಸ್ ಉಪಗ್ರಹವನ್ನು ಹಾರಿಸಿತು. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿ 2000ದ ಮೇ ತಿಂಗಳಲ್ಲಿ ನಿಂತಿತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಉಪಗ್ರಹಕ್ಕೆ ನಾವು ಎಲ್ಲಿದ್ದೇವೆಂದು ತಿಳಿಯದು. ಅದು ಸಂಕೇತ ಕಳಿಸುತ್ತದೆ, ಫೋನು ಅದನ್ನು ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ, ಅಷ್ಟೆ. ಆ ಲೆಕ್ಕವನ್ನು ಫೋನು ಕಂಪೆನಿಗೆ ರವಾನಿಸತೊಡಗಿದಾಗ ಕಣ್ಗಾವಲು ಆರಂಭವಾಯಿತು.

2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. ರಸ್ತೆಯ ದಟ್ಟಣೆಯನ್ನು ತೋರಿಸುವ ಅದರ ಕೆಂಪು ಗೆರೆ ಬಹುಮಟ್ಟಿಗೆ ಅಲ್ಲಿ ಸಿಕ್ಕಿಬಿದ್ದವರ ಫೋನುಗಳಿಂದಲೇ ಮೂಡುತ್ತದೆ. ಇದರಿಂದ ಎಲ್ಲರಿಗೂ ಉಪಕಾರವಿದೆ. ಆದರೆ ಒಬ್ಬನ ಕೆಲವು ವಾರಗಳ ಓಡಾಟ ಸಿಕ್ಕರೆ ಅವನ ಮನೆ, ಕಚೇರಿ, ಹೋಗುವ ಆಸ್ಪತ್ರೆ, ಪ್ರಾರ್ಥನೆಯ ಸ್ಥಳ ಎಲ್ಲವೂ ಬಯಲಾಗುತ್ತವೆ. ಸ್ಥಳದ ದಾಖಲೆಯ ವಿಷಯದಲ್ಲಿ ಬಳಕೆದಾರರನ್ನು ದಾರಿ ತಪ್ಪಿಸಿದ ಆರೋಪದ ಮೇಲೆ 2022ರಲ್ಲಿ ಗೂಗಲ್ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ತೆರಲು ಒಪ್ಪಿತು. ಓಡಾಟದ ಚರಿತ್ರೆಯನ್ನು ಇನ್ನು ಬಳಕೆದಾರರ ಫೋನಿನಲ್ಲೇ ಇಡುವುದಾಗಿ 2023ರಲ್ಲಿ ಪ್ರಕಟಿಸಿತು.

ದಾರಿ ಹುಡುಕುವ ಆ್ಯಪ್‌ಗಳಷ್ಟೇ ಅಲ್ಲ, ದಿಕ್ಕು ತೋರುವ ಆ್ಯಪ್‌ಗಳೂ ಈ ಸಂತೆಯಲ್ಲಿವೆ. ನಮಾಝಿನ ವೇಳೆ ಮತ್ತು ಕಿಬ್ಲಾ ತಿಳಿಸುವ 'ಮುಸ್ಲಿಂ ಪ್ರೊ' ಆ್ಯಪ್‌ನಿಂದ ಬಳಕೆದಾರರ ಸ್ಥಳದ ಮಾಹಿತಿ 'ಎಕ್ಸ್-ಮೋಡ್' ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿತ್ತೆಂದೂ, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನಾ ಗುತ್ತಿಗೆದಾರರಿದ್ದರೆಂದೂ 2020ರ ನವೆಂಬರಿನಲ್ಲಿ ವರದಿಯಾಯಿತು. ಸೇನೆಗೆ ಮಾಹಿತಿ ಮಾರಿದ್ದನ್ನು ಆ್ಯಪ್‌ನವರು ಅಲ್ಲಗಳೆದರು. ಆದರೆ ದಲ್ಲಾಳಿಯ ಸಂಬಂಧವನ್ನು ಕಡಿದುಕೊಂಡರು. ಸೂಕ್ಷ್ಮ ಸ್ಥಳಗಳ ಮಾಹಿತಿ ಮಾರದಂತೆ ಆ ದಲ್ಲಾಳಿಯ ಮೇಲೆ ಅಮೆರಿಕದ ವ್ಯಾಪಾರ ಆಯೋಗ ನಿರ್ಬಂಧ ಹೇರಿದ್ದು 2024ರಲ್ಲಿ. ಕಾಬಾದ ಕಡೆಗೆ ಮುಖ ಮಾಡಲು ದಿಕ್ಕು ಕೇಳಿದವನಿಗೆ ತನ್ನ ಗುರುತು ಇಷ್ಟು ದೂರ ಹೋದೀತೆಂಬ ಅರಿವಿರಲು ಸಾಧ್ಯವೇ?

ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರ ಜುಲೈಯಲ್ಲಿ ಅದೇ ಕೋರ್ಟ್, ಜಾಮೀನು ಪಡೆದ ಆರೋಪಿಯು ಗೂಗಲ್ ಮ್ಯಾಪ್‌ನ ಮೂಲಕ ತನ್ನ ಸ್ಥಳವನ್ನು ತನಿಖಾಧಿಕಾರಿಗೆ ತೋರಿಸುತ್ತಿರಬೇಕೆಂಬ ಷರತ್ತನ್ನು ರದ್ದುಪಡಿಸಿತು. ಆರೋಪಿಯ ಮೇಲೂ ಪೊಲೀಸರು ಸದಾ ಕಣ್ಣಿಡುವಂತಹ ಷರತ್ತು ಸಲ್ಲದೆಂದಿತು.

ಆರೋಪಿಗೂ ಇರುವ ಈ ಹಕ್ಕನ್ನು ಯಾವ ಆರೋಪವೂ ಇಲ್ಲದ ನಾವು 'ಒಪ್ಪಿಗೆ' ಎಂಬ ಗುಂಡಿ ಒತ್ತಿ ಬಿಟ್ಟುಕೊಡುತ್ತಿದ್ದೇವೆ. ಆ್ಯಪ್ ಬಳಸುವಾಗ ಮಾತ್ರ ಸ್ಥಳ ತಿಳಿಯುವಂತೆ ಅನುಮತಿಯನ್ನು ಬದಲಿಸಲು ಅರ್ಧ ನಿಮಿಷ ಸಾಕು. ಇನ್ನು, ದಾರಿ ಹೇಳಿ ನಮ್ಮನ್ನು ಮರೆಯುವ ಬೀಡಾ ಅಂಗಡಿಯವನು ಹಲವು ಊರುಗಳಲ್ಲಿ ಈಗಲೂ ಇದ್ದಾನೆ.