ಬೊಗಸೆಗೆ ನೀರು, ಬಾಳೆ ಎಲೆಯಲ್ಲಿ ಊಟ: ಇಬ್ನ್ ಬತೂತ ಕಂಡ ಮುಸಾಫಿರರ ಜಗತ್ತು

ಹಿಜ್ರಿ 725ರ ರಜಬ್ 2ರಂದು, ಅಂದರೆ ಕ್ರಿ.ಶ. 1325ರ ಜೂನ್ 14ರಂದು, ಮೊರೊಕ್ಕೊದ ತಂಜಾ ಪಟ್ಟಣದಿಂದ ಇಪ್ಪತ್ತೊಂದರ ಹರೆಯದ ಯುವಕರೊಬ್ಬರು ಹಜ್ಜ್ ನಿರ್ವಹಿಸಲೆಂದು ಹೊರಟರು. ಜೊತೆಗೆ ಗೆಳೆಯರಿಲ್ಲ, ಸೇರಿಕೊಳ್ಳಲು ಖಾಫಿಲಾ ಇಲ್ಲ. ತಂದೆ ತಾಯಿ ಇಬ್ಬರೂ ಇದ್ದರು. ಅವರನ್ನು ಅಗಲುವಾಗ ಅವರಿಗೂ ತನಗೂ ಸಂಕಟವಾಯಿತೆಂದು ಆ ಯುವಕ ಮುಂದೆ ಬರೆಸಿದ್ದಾರೆ. ಮತ್ತೆ ಊರಿಗೆ ಮರಳಿದ್ದು 24 ವರ್ಷಗಳ ನಂತರ. ಅಷ್ಟರಲ್ಲಿ ಈಜಿಪ್ಟ್, ಶಾಮ್, ಇರಾಕ್, ಆಫ್ರಿಕಾದ ಪೂರ್ವ ಕರಾವಳಿ, ತುರ್ಕಿ, ದಿಲ್ಲಿ, ಮಾಲ್ದೀವ್ಸ್, ಚೀನಾ ಎಲ್ಲ ಆಗಿತ್ತು.

ಇಬ್ನ್ ಬತೂತ ಎಂದೊಡನೆ ನಮಗೆ ನೆನಪಾಗುವುದು ಶಾಲೆಯ ಪಾಠದಲ್ಲಿ ಓದಿದ ಮುಹಮ್ಮದ್ ಬಿನ್ ತುಘಲಕ್‌ನ ದರ್ಬಾರು. ಸುಲ್ತಾನರ ಕಥೆಗಳನ್ನು ನಾವಿಲ್ಲಿ ಬದಿಗಿಡೋಣ. ಪರವೂರಿನಲ್ಲಿ ಮನುಷ್ಯ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಜ್ವರ ಬಂದರೆ ಯಾರು ನೋಡುತ್ತಾರೆ, ಮನೆಯ ಸಾವಿನ ಸುದ್ದಿ ಅವನಿಗೆ ಹೇಗೆ ತಲುಪುತ್ತದೆ? ಮಗನೋ ಅಳಿಯನೋ ಗಲ್ಫಿನಲ್ಲಿರುವ ನಮ್ಮ ಎಷ್ಟೋ ಮನೆಗಳಿಗೆ ಈ ಪ್ರಶ್ನೆಗಳು ಹೊಸತಲ್ಲ.

ಹೊರಟ ಕೆಲವೇ ವಾರಗಳಲ್ಲಿ ಅವರಿಗೆ ಜ್ವರ ಹಿಡಿಯಿತು. ನಿಶ್ಶಕ್ತಿಯಿಂದ ಕೆಳಗೆ ಬಿದ್ದಾರೆಂಬ ಭಯಕ್ಕೆ ಮುಂಡಾಸಿನ ಬಟ್ಟೆಯಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡು ಪ್ರಯಾಣ ಮುಂದುವರಿಸಿದರು. ಟ್ಯೂನಿಸ್ ತಲುಪಿದಾಗ ಊರವರು ಎದುರು ಬಂದು ಜೊತೆಗಿದ್ದ ಯಾತ್ರಿಕರನ್ನೆಲ್ಲ ಸಲಾಂ ಹೇಳಿ ಬರಮಾಡಿಕೊಂಡರು. ಇವರ ಪರಿಚಯ ಅಲ್ಲಿ ಒಬ್ಬರಿಗೂ ಇರಲಿಲ್ಲ, ಆದ್ದರಿಂದ ಸಲಾಂ ಹೇಳಿದವರೂ ಇಲ್ಲ. ಯುವಕನಿಗೆ ಅಳು ತಡೆಯಲಾಗಲಿಲ್ಲ. ಅದನ್ನು ಕಂಡ ಯಾತ್ರಿಕರೊಬ್ಬರು ಹತ್ತಿರ ಬಂದು ಸಲಾಂ ಹೇಳಿ, ಪಟ್ಟಣದೊಳಗೆ ಹೋಗುವವರೆಗೂ ಮಾತನಾಡಿಸುತ್ತ ಬಂದರು. ಎಷ್ಟೋ ರಾಜರನ್ನು ಕಂಡ ಮೇಲೂ, ಮೂವತ್ತು ವರ್ಷ ಕಳೆದು ಗ್ರಂಥ ಬರೆಸುವಾಗ ಅವರು ಈ ಸಲಾಮನ್ನು ಮರೆತಿರಲಿಲ್ಲ.

ಕೈಯಲ್ಲಿ ಹೆಚ್ಚು ಹಣವಿಲ್ಲದ ಒಬ್ಬ ಯುವಕ ಇಷ್ಟು ದೂರ ಹೋಗಲು ಹೇಗೆ ಸಾಧ್ಯವಾಯಿತು? ಧೈರ್ಯವಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದಾಗಿ ಒಂದು ವ್ಯವಸ್ಥೆ ಇತ್ತು. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ದಾರಿಹೋಕನನ್ನು ಖುರ್‌ಆನ್ ಸೇರಿಸಿದೆ. ಆ ಆದೇಶ ಕಲ್ಲು ಮಣ್ಣಿನ ರೂಪ ತಾಳಿದ್ದನ್ನು ಇಬ್ನ್ ಬತೂತ ಊರೂರಲ್ಲಿ ಕಂಡರು. ದಮಾಸ್ಕಸ್‌ನ ವಕ್ಫ್‌ಗಳ ಬಗ್ಗೆ ಅವರು ಹೇಳಿದ್ದನ್ನು ಓದಿದರೆ ನಮ್ಮ ಇಂದಿನ ವಕ್ಫ್ ಚರ್ಚೆಗಳು ಬಡವಾಗಿ ಕಾಣುತ್ತವೆ. ಹಜ್ಜ್‌ಗೆ ಹೋಗಲಾಗದವರ ಪರವಾಗಿ ಹೋಗುವವರಿಗೆ ಒಂದು ವಕ್ಫ್. ಬಡ ಹೆಣ್ಣುಮಕ್ಕಳ ಮದುವೆಯ ಖರ್ಚಿಗೆ ಒಂದು. ಸೆರೆಸಿಕ್ಕವರನ್ನು ಬಿಡಿಸಲು ಒಂದು, ಪ್ರಯಾಣಿಕರ ಊಟ, ಬಟ್ಟೆ, ಊರಿಗೆ ಮರಳುವ ಖರ್ಚಿಗೆ ಒಂದು, ರಸ್ತೆಗೆ ಕಲ್ಲು ಹಾಸಲು ಇನ್ನೊಂದು.

ಒಂದು ದಿನ ಅಲ್ಲಿನ ಗಲ್ಲಿಯಲ್ಲಿ ಒಬ್ಬ ಬಾಲಕ ದಾಸನ ಕೈಯಿಂದ ಚೀನೀ ಪಿಂಗಾಣಿ ತಟ್ಟೆ ಜಾರಿ ಚೂರಾಯಿತು. ಸುತ್ತ ಜನ ಸೇರಿದರು. ಚೂರುಗಳನ್ನು ಆರಿಸಿಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಬಳಿಗೆ ಹೋಗು ಎಂದು ಒಬ್ಬರು ಹೇಳಿದ್ದಲ್ಲದೆ ತಾವೇ ಜೊತೆಗೆ ನಡೆದರು. ಚೂರು ತೋರಿಸಿದ ಹುಡುಗನಿಗೆ ಅಂಥದೇ ತಟ್ಟೆ ಕೊಳ್ಳುವಷ್ಟು ಹಣ ಸಿಕ್ಕಿತು. ಇಲ್ಲವಾದರೆ ಯಜಮಾನ ಹುಡುಗನನ್ನು ಹೊಡೆಯುತ್ತಿದ್ದ, ಕನಿಷ್ಠ ಗದರುತ್ತಿದ್ದ, ಮನಸ್ಸು ಮುರಿಯುತ್ತಿತ್ತು ಎನ್ನುತ್ತಾರೆ ಇಬ್ನ್ ಬತೂತ. ಮನಸ್ಸು ಮುರಿಯದಿರಲಿ ಎಂದು ಆಸ್ತಿ ಬಿಟ್ಟುಹೋದ ಆ ದಾನಿಯ ಹೆಸರು ಅವರ ಗ್ರಂಥದಲ್ಲಿಲ್ಲ.

ತುರ್ಕಿಯ ಅನಾತೋಲಿಯಾ ಪ್ರದೇಶದಲ್ಲಿ ಅವರನ್ನು ನೋಡಿಕೊಂಡವರು ರಾಜರಲ್ಲ, ಕುಶಲಕರ್ಮಿಗಳು. ಅಂತಾಲ್ಯ ಪಟ್ಟಣದಲ್ಲಿ ಹಳೆಯ ಬಟ್ಟೆ ತೊಟ್ಟ ಒಬ್ಬ ವ್ಯಕ್ತಿ ಬಂದು, ಇವರು ತಂಗಿದ್ದಲ್ಲಿನ ಶೈಖ್‌ರೊಂದಿಗೆ ತುರ್ಕಿಯಲ್ಲಿ ಏನೋ ಹೇಳಿದ. ನಿಮ್ಮನ್ನೂ ನಿಮ್ಮ ಸಂಗಾತಿಗಳನ್ನೂ ಊಟಕ್ಕೆ ಕರೆಯುತ್ತಿದ್ದಾನೆ ಎಂದರು ಶೈಖ್. ಈ ಬಡವನಿಗೆ ನಾವೇಕೆ ಹೊರೆಯಾಗಬೇಕು ಎಂದು ಇವರು ಹಿಂಜರಿದಾಗ ಶೈಖ್ ನಕ್ಕರು. ಆತ ಚಪ್ಪಲಿ ಹೊಲಿಯುವವನಂತೆ. ಬೇರೆ ಬೇರೆ ಕಸುಬಿನ ಸುಮಾರು 200 ಮಂದಿಯ ಸಂಘಕ್ಕೆ ಮುಖ್ಯಸ್ಥ. ‘ಅಖೀ’ ಎಂದು ಇಂಥವರಿಗೆ ಹೆಸರು. ಹಗಲು ದುಡಿದದ್ದನ್ನು ಸಂಜೆ ಒಂದೆಡೆ ಸೇರಿಸಿ, ಆ ದಿನ ಊರಿಗೆ ಬಂದ ಅಪರಿಚಿತರಿಗೆ ಊಟ ಹಾಕುವುದು ಅವರ ಪದ್ಧತಿ. ಯಾರೂ ಬರದಿದ್ದರೆ ತಾವೇ ಕೂಡಿ ಉಣ್ಣುತ್ತಿದ್ದರು.

ಲಾದಿಖ್ ಎಂಬ ಊರಲ್ಲಿ, ಇಂದಿನ ದೆನಿಜ್ಲಿಯಲ್ಲಿ, ಇನ್ನೂ ತಮಾಷೆ. ಬಜಾರಿನ ನಡುವೆ ಹೋಗುತ್ತಿದ್ದಾಗ ಅಂಗಡಿಗಳಿಂದ ಜನ ಓಡಿಬಂದು ಇವರ ಕುದುರೆಗಳ ಲಗಾಮು ಹಿಡಿದರು. ಬೇರೊಂದು ಗುಂಪು ಬಂದು ಅವರನ್ನು ತಡೆಯಿತು. ಜಗಳ ಏರಿ ಕೆಲವರು ಚೂರಿಯನ್ನೂ ಹಿರಿದರು. ದರೋಡೆಕೋರರೆಂದು ಇಬ್ನ್ ಬತೂತ ನಡುಗಿಹೋದರು. ಕೊನೆಗೆ ಅರಬಿ ಬಲ್ಲ ಹಾಜಿಯೊಬ್ಬರು ಬಂದು ವಿವರಿಸಿದರು: ಇವರು ಎರಡು ಅಖೀ ಸಂಘದವರು, ಅತಿಥಿಗಳು ತಮ್ಮಲ್ಲೇ ತಂಗಬೇಕೆಂದು ಹಟ ಹಿಡಿದಿದ್ದಾರೆ! ಚೀಟಿ ಎತ್ತಿ ಇತ್ಯರ್ಥ ಮಾಡಿಕೊಂಡರು. ಭಾಷೆ ಬಾರದ ಪಾಡು ಬೇರೆಯೇ. ಇನ್ನೊಂದೂರಲ್ಲಿ ಸಂಗಾತಿಗಳು ಅಂಗಡಿಗೆ ಹೋಗಿ ಅರಬಿಯಲ್ಲಿ ‘ಸಮ್ನ್’, ಅಂದರೆ ತುಪ್ಪ ಕೇಳಿದರೆ ಅಂಗಡಿಯವ ಒಣಹುಲ್ಲಿನ ಕಟ್ಟು ತಂದುಕೊಟ್ಟ. ತುರ್ಕಿಯಲ್ಲಿ ಹುಲ್ಲಿಗೆ ‘ಸಮಾನ್’ ಎನ್ನುತ್ತಾರೆ.

ಇಂದು ನಮ್ಮ ಊರುಗಳ ಮಸೀದಿಗಳಲ್ಲಿ ಝುಹರ್ ನಮಾಝಿನ ಕೊನೆಯ ಸಾಲಿನಲ್ಲಿ ಬಂಗಾಳದ, ಅಸ್ಸಾಮಿನ, ಜಾರ್ಖಂಡಿನ ಯುವಕರು ನಿಂತಿರುತ್ತಾರೆ. ಕಟ್ಟಡದ ಕೆಲಸಕ್ಕೋ ಮೀನಿನ ದಕ್ಕೆಗೋ ಬಂದವರು. ಸಲಾಂ ಮುಗಿಯುತ್ತಲೇ ಅವರು ಎದ್ದು ಹೋಗುತ್ತಾರೆ, ನಾವು ನಮ್ಮ ಪರಿಚಯದವರೊಂದಿಗೆ ಮಾತಿಗೆ ನಿಲ್ಲುತ್ತೇವೆ. ಅವರಲ್ಲೊಬ್ಬರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇಬ್ನ್ ಬತೂತ ನಮ್ಮ ಕರಾವಳಿಗೆ ಬಂದದ್ದು 1342ರ ಸುಮಾರಿಗೆ. ದಿಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದರು. ಹೊನ್ನಾವರವನ್ನು ಅವರು ಹಿನೌರ್ ಎಂದೂ ಬಾರಕೂರನ್ನು ಫಾಕನೂರ್ ಎಂದೂ ಮಂಗಳೂರನ್ನು ಮಂಜರೂರ್ ಎಂದೂ ಕರೆದಿದ್ದಾರೆ. ಗೋವೆಯಿಂದ ಕೊಲ್ಲಂವರೆಗಿನ ಕರಾವಳಿಯನ್ನೆಲ್ಲ ಮಲಬಾರ್ ಎಂದೇ ಎಣಿಸಿ, ಈ ದಾರಿಯ ಬಗ್ಗೆ ಬರೆದದ್ದು ಇದು: ಉದ್ದಕ್ಕೂ ಮರಗಳ ನೆರಳು. ಪ್ರತಿ ಅರ್ಧ ಮೈಲಿಗೆ ಮರದಿಂದ ಕಟ್ಟಿದ ಒಂದು ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಹಿಂದೂ. ನಮ್ಮ ಹಿರಿಯರು ಅರವಟ್ಟಿಗೆ ಎನ್ನುತ್ತಿದ್ದುದು ಇದನ್ನೇ. ಹಿಂದೂ ದಾರಿಹೋಕನಿಗೆ ಪಾತ್ರೆಯಲ್ಲಿ ನೀರು. ಮುಸ್ಲಿಮನಾದರೆ ಬೊಗಸೆಗೆ ಸುರಿಯುವುದು, ಸಾಕೆಂದು ಸನ್ನೆ ಮಾಡುವವರೆಗೂ. ಮುಸ್ಲಿಮರನ್ನು ಮನೆಯೊಳಗೆ ಕರೆಯುತ್ತಿರಲಿಲ್ಲ, ತಮ್ಮ ಪಾತ್ರೆಯಲ್ಲಿ ಉಣಬಡಿಸುತ್ತಿರಲಿಲ್ಲ. ಮುಸ್ಲಿಮರ ಮನೆಗಳಿಲ್ಲದ ಊರಲ್ಲಿ ಅಡುಗೆ ಮಾಡಿ ಬಾಳೆ ಎಲೆಯ ಮೇಲೆ ಬಡಿಸಿ, ಮೇಲೆ ಸಾರು ಹೊಯ್ಯುತ್ತಿದ್ದರು. ಉಳಿದದ್ದು ನಾಯಿಗೆ, ಹಕ್ಕಿಗೆ.

ಇದನ್ನು ಅವಮಾನವೆಂದು ಓದುವವರಿದ್ದಾರೆ, ಸೌಹಾರ್ದವೆಂದು ಕೊಂಡಾಡುವವರೂ ಇದ್ದಾರೆ. ನಮಗೆ ಎರಡೂ ಪೂರ್ತಿ ಸರಿ ಎನಿಸುವುದಿಲ್ಲ. ಮೈಲಿಗೆಯ ಕಟ್ಟು ಗಟ್ಟಿಯಾಗಿಯೇ ಇತ್ತು. ಆದರೂ ಆ ಕಟ್ಟಿನೊಳಗೆ ನಿಂತೇ ಅಪರಿಚಿತನ ದಾಹ ತೀರಿಸುವ ದಾರಿಯನ್ನು ಆ ಜನ ಹುಡುಕಿಕೊಂಡಿದ್ದರು. ಸಾಕೆನ್ನುವವರೆಗೂ ಸುರಿಯುತ್ತಿದ್ದರು ಎಂಬ ಮಾತನ್ನು ಇಬ್ನ್ ಬತೂತ ಬಿಡದೆ ಸೇರಿಸಿದ್ದಾರೆ. ಇಷ್ಟು ಸುರಕ್ಷಿತವಾದ ದಾರಿಯನ್ನು ತಾನು ಕಂಡಿಲ್ಲ ಎಂದೂ ಹೇಳಿದ್ದಾರೆ.

ಮಂಗಳೂರಿನಲ್ಲಿ ಆಗ ಸುಮಾರು 4000 ಮುಸ್ಲಿಮರು ಪಟ್ಟಣದ ಹೊರವಲಯದಲ್ಲಿ ನೆಲೆಸಿದ್ದರಂತೆ. ಫಾರ್ಸ್ ಮತ್ತು ಯಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು. ಮೆಣಸು, ಶುಂಠಿ ಧಾರಾಳ. ಊರವರಿಗೂ ಇವರಿಗೂ ಆಗಾಗ ಜಗಳವಾದಾಗ ವ್ಯಾಪಾರಿಗಳ ಅಗತ್ಯ ಬಲ್ಲ ರಾಜ ರಾಜಿ ಮಾಡಿಸುತ್ತಿದ್ದ. ಖಾಝಿ ಬದ್ರುದ್ದೀನ್ ಮಅಬರಿ ಎಂಬವರು ಹಡಗಿಗೇ ಬಂದು ಇವರನ್ನು ಊರಿಗೆ ಕರೆದರು. ಹೊನ್ನಾವರದ ಸುಲ್ತಾನ್ ಜಮಾಲುದ್ದೀನ್ ಮುಹಮ್ಮದ್ ಒಬ್ಬ ಹಿಂದೂ ಅರಸನಿಗೆ ಅಧೀನರಾಗಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳು. ಹೊಲಿಯದ ಬಟ್ಟೆ ಉಟ್ಟು ಮೂಗಿಗೆ ಚಿನ್ನದ ನತ್ತು ತೊಟ್ಟ ಸ್ತ್ರೀಯರಿಗೆ ಖುರ್‌ಆನ್ ಕಂಠಪಾಠ. ಬೇರೆಲ್ಲೂ ಇಂಥದು ಕಂಡಿಲ್ಲ ಎಂದು ದೇಶದೇಶ ಸುತ್ತಿದವರ ಮಾತು. ಹೆಣ್ಣುಮಕ್ಕಳ ಶಿಕ್ಷಣ ಹೊರಗಿನಿಂದ ಬಂದ ಹೊಸ ರೂಢಿ ಎನ್ನುವವರಿಗೆ ನಾವು ಹೊನ್ನಾವರದ ಈ ಲೆಕ್ಕ ತೋರಿಸಬಹುದು.

ಸುಲ್ತಾನರ ಮನೆಯ ಊಟವನ್ನೂ ಅವರು ಬಿಟ್ಟಿಲ್ಲ. ಅನ್ನಕ್ಕೆ ತುಪ್ಪ, ಮೆಣಸು, ಶುಂಠಿ, ಲಿಂಬೆ, ಮಾವಿನಕಾಯಿಗಳ ಉಪ್ಪಿನಕಾಯಿ, ಕೋಳಿ, ಮೀನು, ತರಕಾರಿ, ಕೊನೆಗೆ ಮೊಸರು, ಕುಡಿಯಲು ಬಿಸಿನೀರು. ಊಟ ಚೆನ್ನಾಗಿಯೇ ಇತ್ತು. ಆದರೆ ರೊಟ್ಟಿ ತಿಂದು ಬೆಳೆದವರಿಗೆ ದಿನಾ ಅನ್ನ ಇಳಿಯಬೇಕಲ್ಲ! ಇನ್ನೊಂದು ಸಲ ಬಂದಾಗ ಈ ಸುಲ್ತಾನರೊಂದಿಗೆ ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಕಳೆದೆ, ಮಾಲ್ದೀವ್ಸ್, ಸಿಲೋನ್, ಮಲಬಾರ್ ಕಡೆ ಮೂರು ವರ್ಷ ಅನ್ನವನ್ನೇ ತಿಂದು ಕೊನೆಗೆ ಅದನ್ನು ನೀರಿನೊಂದಿಗೆ ನುಂಗಬೇಕಾಯಿತು ಎಂದು ಗೊಣಗಿದ್ದಾರೆ. ರಿಯಾದಿನ ರೂಮಿನಲ್ಲಿ ಖುಬೂಸ್ ಮುಂದಿಟ್ಟುಕೊಂಡು ಕುಚ್ಚಲಕ್ಕಿ ಗಂಜಿ ನೆನೆಯುವ ನಮ್ಮ ಹುಡುಗರದು ಇದೇ ಗೊಣಗು, ತಿರುವುಮುರುವು.

ಕಲ್ಲಿಕೋಟೆಯಲ್ಲಿ ಸಾಮಾನೆಲ್ಲ ಹಡಗಿಗೇರಿಸಿ, ಜುಮಾ ನಮಾಝಿಗೆಂದು ಅವರು ದಡದಲ್ಲಿ ಉಳಿದರು. ಬಿರುಗಾಳಿ ಎದ್ದು ಚೀನಾದ ಚಕ್ರವರ್ತಿಗೆ ಕೊಡಬೇಕಿದ್ದ ಉಡುಗೊರೆಗಳ ಹಡಗು ಒಡೆದುಹೋಯಿತು. ಅವರ ಸ್ವಂತ ಸಾಮಾನಿದ್ದ ಹಡಗು ಹಾಯಿ ಬಿಚ್ಚಿ ಹೊರಟೇಹೋಯಿತು. ಉಳಿದದ್ದು ಹತ್ತು ದೀನಾರ್, ಮಲಗುವ ಒಂದು ಚಾಪೆ. ದಿಲ್ಲಿಗೆ ಮರಳಿದರೆ ತಲೆ ಉಳಿಯುವ ಭರವಸೆಯಿರಲಿಲ್ಲ. ಆಗ ನೆನಪಾದದ್ದು ಹೊನ್ನಾವರ. ಅಲ್ಲಿ ಸೇವಕರಿಲ್ಲದೆ ಇಳಿದುಕೊಂಡು, ಹೆಚ್ಚಿನ ಹೊತ್ತನ್ನು ಮಸೀದಿಯಲ್ಲಿ ಕಳೆದರು. ದಿನಕ್ಕೊಂದು ಖತಮ್ ಓದಿದರು, ಆಮೇಲೆ ದಿನಕ್ಕೆರಡು. ಎಲ್ಲವನ್ನೂ ಕಳೆದುಕೊಂಡು ಪರವೂರಲ್ಲಿ ಸಿಕ್ಕಿಬಿದ್ದವರು ದಿನ ದೂಡಿದ್ದು ಹೀಗೆ.

ಅವರನ್ನು ಸಂತರೆಂದು ನಾವು ಚಿತ್ರಿಸಬೇಕಾಗಿಲ್ಲ. ಆತಿಥ್ಯ ಕಡಿಮೆಯಾದರೆ ಸಿಟ್ಟಾಗುತ್ತಿದ್ದರು. ಮಾಲಿಯ ದೊರೆಯ ಉಡುಗೊರೆ ಬಂದಿದೆ ಎಂದು ಎದ್ದು ನಿಂತರೆ ಮೂರು ರೊಟ್ಟಿ, ಒಂದು ತುಂಡು ಮಾಂಸ, ಸೋರೆಬುರುಡೆಯಲ್ಲಿ ಮೊಸರು ಕಂಡು ಜೋರಾಗಿ ನಕ್ಕರು. ಮಾಲ್ದೀವ್ಸ್‌ನಲ್ಲಿ ಖಾಝಿಯಾಗಿ, ಮದುವೆಗಳಾಗಿ, ತಲಾಖ್ ಕೊಟ್ಟು ಹೊರಟರು. ಅವರೊಂದಿಗೆ ದಾಸದಾಸಿಯರೂ ಇದ್ದರು; ಅವರ ಪ್ರಯಾಣದ ಕಥೆ ಬರೆದವರಿಲ್ಲ. ಚೀನಾದ ವಿವರಗಳನ್ನು ಪೂರ್ತಿ ನಂಬದ ವಿದ್ವಾಂಸರಿದ್ದಾರೆ. ಆ ಕಾಲದಲ್ಲೇ ಅವರ ಮಾತನ್ನು ಫೇಝ್ ನಗರದ ಜನ ನಂಬಲಿಲ್ಲವೆಂದು ಇಬ್ನ್ ಖಲ್ದೂನ್ ‘ಮುಖದ್ದಿಮ’ದಲ್ಲಿ ಬರೆದಿದ್ದಾರೆ. ಅವರೂ ಸಂಶಯಪಟ್ಟಾಗ ಒಬ್ಬ ವಝೀರ್ ಒಂದು ಕಥೆ ಹೇಳಿದರಂತೆ: ಸೆರೆಮನೆಯಲ್ಲೇ ಬೆಳೆದ ಹುಡುಗನಿಗೆ ತಂದೆ ಕುರಿಯ ಬಗ್ಗೆ ಎಷ್ಟು ವರ್ಣಿಸಿದರೂ ಅದು ಇಲಿಯ ಜಾತಿಯದೇ ಅನಿಸುತ್ತಿತ್ತು, ಏಕೆಂದರೆ ಅವನು ಕಂಡ ಪ್ರಾಣಿ ಇಲಿ ಮಾತ್ರ.

ದೂರ ಹೋದವರು ತೆರುವ ಬೆಲೆ ಬೇರೆ ಇದೆ. ದಮಾಸ್ಕಸ್‌ನಲ್ಲಿ ಅವರು ಗರ್ಭಿಣಿ ಪತ್ನಿಯನ್ನು ಬಿಟ್ಟುಹೋಗಿದ್ದರು. ಗಂಡು ಮಗುವಾಯಿತೆಂದು ತಿಳಿದದ್ದು ಹಿಂದೂಸ್ತಾನದಲ್ಲಿದ್ದಾಗ. ಮಗುವಿನ ಅಜ್ಜನಿಗೆ ನಲವತ್ತು ಚಿನ್ನದ ದೀನಾರ್ ಕಳುಹಿಸಿದರು. 1348ರಲ್ಲಿ ದಮಾಸ್ಕಸ್‌ಗೆ ಮರಳಿದವರು ಮೊದಲು ವಿಚಾರಿಸಿದ್ದು ಮಗನ ಬಗ್ಗೆ. ಹನ್ನೆರಡು ವರ್ಷ ಮೊದಲೇ ತೀರಿಕೊಂಡಿದ್ದ. ತಂಜಾದ ವಿದ್ವಾಂಸರೊಬ್ಬರು ಅಲ್ಲಿದ್ದಾರೆಂದು ತಿಳಿದು ಹೋಗಿ ಮನೆಯವರ ಬಗ್ಗೆ ಕೇಳಿದರು. ತಂದೆ ಹೋಗಿ ಹದಿನೈದು ವರ್ಷವಾಯಿತು, ತಾಯಿ ಇದ್ದಾರೆ ಎಂಬ ಉತ್ತರ ಬಂತು.

ಆ ವರ್ಷ ಪ್ಲೇಗ್ ಮಾರಿ ಶಾಮ್ ದೇಶವನ್ನು ಮುಟ್ಟಿತು. ದಮಾಸ್ಕಸ್‌ನ ಜನ ಮೂರು ದಿನ ಉಪವಾಸವಿದ್ದು, ನಾಲ್ಕನೆಯ ದಿನ ಮುಸ್ಲಿಮರು ಖುರ್‌ಆನ್ ಹಿಡಿದು, ಯಹೂದಿ ಕ್ರೈಸ್ತರು ತಮ್ಮ ಗ್ರಂಥಗಳನ್ನು ಹಿಡಿದು, ಹೆಂಗಸರು ಮಕ್ಕಳೂ ಸೇರಿ ಅಳುತ್ತ ಬರಿಗಾಲಲ್ಲಿ ನಡೆದದ್ದನ್ನು ಅವರು ಕಂಡರು. ಮರುವರ್ಷ ಮೊರೊಕ್ಕೊ ಗಡಿ ದಾಟಿ ತಾಝಾ ಊರಿಗೆ ಬಂದಾಗ, ಅದೇ ರೋಗದಲ್ಲಿ ತಾಯಿಯೂ ತೀರಿಕೊಂಡ ಸುದ್ದಿ ಕಾದಿತ್ತು. ಕೆಲವೇ ದಿನಗಳ ದಾರಿ ಉಳಿದಿತ್ತು. ತಂಜಾಕ್ಕೆ ಹೋಗಿ ತಾಯಿಯ ಖಬರ್ ಝಿಯಾರತ್ ಮಾಡಿದರು.

ಆ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ಸ್ಪೇನ್‌ಗೆ ಹೋದರು, ಬಳಿಕ ಸಹಾರಾ ಮರುಭೂಮಿ ದಾಟಲು ಸಿಜಿಲ್ಮಾಸಾ ಪಟ್ಟಣಕ್ಕೆ ಬಂದರು. ಅಲ್ಲಿ ಅಲ್ ಬುಶ್ರೀ ಎಂಬ ವಿದ್ವಾಂಸರ ಮನೆಯಲ್ಲಿ ತಂಗಿದರು. ಚೀನಾದಲ್ಲಿ ಒಂಟಿತನದಿಂದ ಕಂಗೆಟ್ಟಿದ್ದ ದಿನಗಳಲ್ಲಿ, ಸಬ್ತಾ ಪಟ್ಟಣದ ಒಬ್ಬರು ಸಿಕ್ಕಿ, ಒಂದೇ ಸೀಮೆಯವರೆಂದು ತಿಳಿದು ಇಬ್ಬರೂ ಕಣ್ಣೀರಿಟ್ಟದ್ದುಂಟು. ಈಗ ಸಿಜಿಲ್ಮಾಸಾದಲ್ಲಿ ಊಟ ಹಾಕಿದ ಈ ಮನೆಯಾತ ಅವರ ಸ್ವಂತ ಸಹೋದರ. ಅಣ್ಣತಮ್ಮಂದಿರ ನಡುವೆ ಎಷ್ಟೊಂದು ದೂರ ಎಂದು ಅವರು ಅಚ್ಚರಿಪಟ್ಟರು. ಅಲ್ಲಿ ಒಂಟೆಗಳನ್ನು ಕೊಂಡು, ನಾಲ್ಕು ತಿಂಗಳು ಮೇವು ಹಾಕಿ, 1352ರ ಫೆಬ್ರವರಿಯಲ್ಲಿ ಖಾಫಿಲಾದೊಂದಿಗೆ ಉಪ್ಪಿನ ಗಣಿಗಳ ತಘಾಝಾ ಕಡೆಗೆ ಹೊರಟರು. ಅಲ್ಲಿನ ಮನೆಗಳೂ ಮಸೀದಿಯೂ ಉಪ್ಪಿನ ಗಟ್ಟಿಗಳಿಂದ ಕಟ್ಟಿದವು, ಮಾಡಿಗೆ ಒಂಟೆಯ ಚರ್ಮ.