ತಯಾರಿಕೆಯ ದೇಶವೋ, ನಿಯಂತ್ರಣದ ಕೈಯೋ? ವಿದೇಶಿ ದೂರಸಂಪರ್ಕ ಉಪಕರಣ ಮತ್ತು ರಾಷ್ಟ್ರೀಯ ಭದ್ರತೆ

ಹೆಸರಘಟ್ಟದಿಂದ ಹೊರಟ ಮೊಬೈಲ್ ಕರೆ ಟವರ್ ಮುಟ್ಟಿ, ಅಲ್ಲಿಂದ ಕಂಪನಿಯ ಕೋರ್ ಜಾಲಕ್ಕೆ ಸೇರುತ್ತದೆ. ಕರೆ ಮಾಡಿದವರು ಯಾರು, ಎಲ್ಲಿದ್ದಾರೆ, ಯಾರೊಡನೆ ಮಾತಾಡಿದರು ಎಂಬುದೆಲ್ಲ ತಿಳಿಯುವುದು ಕೋರ್‌ನಲ್ಲಿ. ಟವರ್ ಮತ್ತು ಕೋರ್ ಎರಡನ್ನೂ ದೂರದಿಂದಲೇ ನಡೆಸುವ ನಿರ್ವಹಣಾ ತಂತ್ರಾಂಶ ಇನ್ನಷ್ಟು ಸೂಕ್ಷ್ಮ. ಉಪಕರಣ ಯಾವ ದೇಶದ್ದು ಎಂಬುದಕ್ಕಿಂತ, ಮಾರಾಟವಾದ ಮೇಲೆ ಈ ತಂತ್ರಾಂಶ ಯಾರ ಹಿಡಿತದಲ್ಲಿರುತ್ತದೆ ಎಂಬುದೇ ಭದ್ರತೆಯನ್ನು ನಿರ್ಧರಿಸುತ್ತದೆ ಎಂಬುದು ಈ ಲೇಖನದ ವಾದ.

ಅವಲಂಬನೆಯ ಸ್ವರೂಪ ಬದಲಾದುದನ್ನು ಕರ್ನಾಟಕದಲ್ಲೇ ಗುರುತಿಸಬಹುದು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಬ್ರಿಟಿಷ್ ತಂತ್ರಜ್ಞಾನದಿಂದ ಸ್ಟ್ರೋಜರ್ ಎಂಬ ವಿದ್ಯುತ್-ಯಾಂತ್ರಿಕ ಎಕ್ಸ್‌ಚೇಂಜ್‌ಗಳನ್ನು ತಯಾರಿಸಿತು. ವಿನ್ಯಾಸ ಹೊರಗಿನದಾದರೂ ಅವು ಬಿಚ್ಚಿ ನೋಡಬಹುದಾದ ಯಂತ್ರಗಳು. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿ, ವಿನ್ಯಾಸವೂ ನಮ್ಮದಾಗಬಲ್ಲದೆಂದು ತೋರಿಸಿತು. ಆದರೆ ಇಂದಿನ ಜಾಲದ ಬಹುಪಾಲು ತಂತ್ರಾಂಶ. ಪ್ರತಿ ಅಪ್‌ಡೇಟ್‌ನೊಂದಿಗೆ ಅದು ಬದಲಾಗುತ್ತದೆ.

ಸರ್ಕಾರದ ಕ್ರಮಗಳು ಈ ಬದಲಾವಣೆಯನ್ನು ಹಿಂಬಾಲಿಸಿವೆ. 2010ರ ಕಟ್ಟುನಿಟ್ಟಿನ ಷರತ್ತುಗಳು ಉಪಕರಣದ ಮೂಲಸಂಕೇತವನ್ನೂ (ಸೋರ್ಸ್ ಕೋಡ್) ಒಪ್ಪಿಸಲು ಕೇಳಿದವು; ತಯಾರಕರ ಆಕ್ಷೇಪದ ಬಳಿಕ 2011ರಲ್ಲಿ ಪರೀಕ್ಷೆಗೆ ಒತ್ತು ಬಿತ್ತು. 2020ರ ಡಿಸೆಂಬರ್ 16ರಂದು ಸಂಪುಟ ಒಪ್ಪಿದ ರಾಷ್ಟ್ರೀಯ ಭದ್ರತಾ ನಿರ್ದೇಶನ 2021ರ ಜೂನ್ 15ರಿಂದ ಜಾರಿಗೆ ಬಂತು. ಅದರಂತೆ ಕಂಪನಿಗಳು ಜಾಲಕ್ಕೆ ಹೊಸದಾಗಿ ಸೇರಿಸುವ ಉಪಕರಣ ವಿಶ್ವಾಸಾರ್ಹ ಮೂಲದ್ದಾಗಿರಬೇಕು. ಉಪಕರಣದ ಭದ್ರತಾ ಮಾನದಂಡ ರೂಪಿಸುವ ಹೊಣೆ ಬೆಂಗಳೂರಿನ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರದ್ದು. ಹೀಗೆ ಒಂದು ವ್ಯವಸ್ಥೆ ಮಾರುವವರನ್ನು ತೂಗಿದರೆ, ಇನ್ನೊಂದು ಸರಕನ್ನು ತೂಗುತ್ತದೆ.

ಇವೆರಡೂ ಸಾಲವು ಎಂಬುದಕ್ಕೆ ಗ್ರೀಸ್ ನಿದರ್ಶನ. 2004–05ರಲ್ಲಿ ಅಥೆನ್ಸ್‌ನ ವೊಡಾಫೋನ್ ಜಾಲದಲ್ಲಿ ಪ್ರಧಾನಿ ಕೋಸ್ಟಾಸ್ ಕರಮಾನ್ಲಿಸ್ ಸೇರಿದಂತೆ ನೂರಕ್ಕೂ ಹೆಚ್ಚು ಫೋನ್‌ಗಳನ್ನು ಕದ್ದಾಲಿಸಲಾಯಿತು. ಎಕ್ಸ್‌ಚೇಂಜ್ ಸ್ವೀಡನ್ನಿನ ಎರಿಕ್ಸನ್‌ನದು. ಯಾರ ಕಣ್ಣಿಗೂ ಶತ್ರುದೇಶದ್ದಲ್ಲ. ಕಾನೂನುಬದ್ಧ ಕದ್ದಾಲಿಕೆಗೆಂದು ತಂತ್ರಾಂಶದಲ್ಲಿ ಮೊದಲೇ ಇದ್ದ ಸೌಲಭ್ಯವನ್ನು ನುಸುಳಿದವರು ಗುಟ್ಟಾಗಿ ಬಳಸಿಕೊಂಡಿದ್ದರು.

ಹಾಗಾದರೆ ಉಪಕರಣ ಸ್ವದೇಶಿಯಾದರೆ ಸಾಕೇ? 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದಲ್ಲಿ ಕೋರ್ ಸಿ-ಡಾಟ್‌ನದು, ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ವಿನ್ಯಾಸ ಕೈಯಲ್ಲಿದ್ದರೆ ದೋಷ ಕಂಡಾಗ ತಾವೇ ತಿದ್ದಬಹುದು. ಇದು ದೊಡ್ಡ ಲಾಭ. ಆದರೂ ಭದ್ರತಾ ಪರೀಕ್ಷೆಯ ಪ್ರಮಾಣಪತ್ರ ಸಾಕ್ಷಿಯಾಗುವುದು ಪರೀಕ್ಷೆಗೊಳಪಟ್ಟ ಆವೃತ್ತಿಗೆ ಮಾತ್ರ. ಆದ್ದರಿಂದ ಸ್ವದೇಶಿಯಿರಲಿ ವಿದೇಶಿಯಿರಲಿ, ಪ್ರತಿ ಅಪ್‌ಡೇಟ್‌ನ ತಪಾಸಣೆ, ದೂರನಿರ್ವಹಣೆಗೆ ಮಿತಿ ಮತ್ತು ಯಾರು ಯಾವಾಗ ಒಳಹೊಕ್ಕರೆಂಬ ಅಳಿಸಲಾಗದ ದಾಖಲೆ, ಈ ಮೂರೂ ಪರವಾನಗಿಯ ಷರತ್ತುಗಳಾಗಿರಬೇಕು.